ಸಿದ್ದಮಲ್ಲಪ್ಪನ ದಡ

ಹುಲ್ಲಹಳ್ಳಿಯ ರಂಗಸ್ವಾಮಿ ಐವತ್ತು ವರ್ಷ ಕಪಿಲಾ ಹೊಳೆಯನ್ನು ಬಿಟ್ಟಿದ್ದವನಲ್ಲ. ತೆಪ್ಪ ಹಾಕಿದ್ದ, ಮೀನು ಹಿಡಿದಿದ್ದ, ಪ್ರಾಯದಲ್ಲಿ ಕದ್ದು ಮರಳನ್ನೂ ಎತ್ತಿದ್ದ. ಅದನ್ನು ಯಾರಿಂದಲೂ ಮುಚ್ಚಿಟ್ಟವನಲ್ಲ. ಈಗ ಮೂರು ವರ್ಷದಿಂದ ಹೊಳೆದಡದ ಮರಗಳ ನಕ್ಷೆ ಮಾಡುವ ಸುಚೇತಾ ಮೇಡಂ ಜೊತೆ ಕೆಲಸ. ಹುಲ್ಲಹಳ್ಳಿಯಿಂದ ನರಸೀಪುರದ ಸಂಗಮದವರೆಗೆ ಉಪಗ್ರಹದ ಚಿತ್ರದಲ್ಲಿ ಹಸಿರು ಕಂಡಲ್ಲೆಲ್ಲ ಇವನು ನಡೆದುಹೋಗಿ, ಅದು ಮರವೋ ಕಬ್ಬೋ ನೋಡಿ ಬರಬೇಕು. ಆಕಾಶಕ್ಕೇನು ಗೊತ್ತು, ಅದಕ್ಕೆ ಎರಡೂ ಒಂದೇ. ಅನುಮಾನ ಬಂದಲ್ಲಿ ಮೇಡಂ ಡ್ರೋನ್ ಹಾರಿಸುತ್ತಿದ್ದರು.

ಜಾಗಗಳಿಗೆ ಹೆಸರು ಹೇಳುವವನೂ ಇವನೇ. ಈ ಕಡೆ ದಡಕ್ಕೆ ಪಕ್ಕದ ಜಮೀನಿನವನ ಹೆಸರೇ ಹೆಸರು. ದಡ ಸರ್ಕಾರದ್ದು, ಕರೆಯುವುದು ಮಾತ್ರ ಸಿದ್ದಮಲ್ಲಪ್ಪನ ದಡ. ಅಲ್ಲಿ ಹನ್ನೊಂದು ಹೊಳೆಮತ್ತಿ ಮರಗಳಿದ್ದವು, ಬೇರಿನ ಪೊಟರೆಗಳಲ್ಲಿ ನೀರುನಾಯಿಗಳ ಸಂಸಾರ. ಅವುಗಳಿಗೆ ಏನೂ ಆಗಬಾರದು ಎಂಬುದೊಂದೇ ರಂಗಸ್ವಾಮಿಯ ಆಸೆ. ಮರಳು ಲಾರಿಯವರು ದಾರಿ ಮಾಡಿಕೊಳ್ಳಲು ನಾಲ್ಕು ಮರ ಉರುಳಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮರ ಕಡಿದ ಗುರುತಾಗಿ ನಕ್ಷೆಯಲ್ಲಿ ಆ ಜಾಗ ಕೆಂಪಾಯಿತು. ಕೆಂಪಿನ ಮೇಲೆ ಎಂದಿನಂತೆ ಸಿದ್ದಮಲ್ಲಪ್ಪನ ದಡ ಎಂದೇ ಹೆಸರು ಬರೆಸಿದ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ನಕ್ಷೆ ಪಂಚಾಯ್ತಿ ಗೋಡೆಗೆ ಬಂತು. ನೋಡಿದವರೆಲ್ಲ ಸಿದ್ದಮಲ್ಲಪ್ಪನೇ ಕಡಿದ ಅಂದುಕೊಂಡರು. ವಾರದೊಳಗೆ ಅವನಿಗೆ ಅರಣ್ಯ ಇಲಾಖೆಯ ನೋಟಿಸು ಬಂತು, ಬೀಗರ ಎದುರಿಗೇ ಯಾರೋ ಅವನನ್ನು ಮರಗಳ್ಳ ಎಂದರು.

ಮಾರನೆಯ ಬೆಳಿಗ್ಗೆ ಸಿದ್ದಮಲ್ಲಪ್ಪ ಮಚ್ಚು ಹಿಡಿದು ದಡಕ್ಕೆ ಬಂದ. ಮೇಡಂ ಇಳಿಸುತ್ತಿದ್ದ ಡ್ರೋನನ್ನು ಒಂದೇ ಏಟಿಗೆ ಕೆಡವಿ ತುಳಿದ. ಅಡ್ಡ ಬಂದ ರಂಗಸ್ವಾಮಿಯ ಬಲಗೈಗೆ ಮಚ್ಚಿನ ಹಿಂಬದಿಯಿಂದ ಬಾರಿಸಿದ. ಮೂಳೆ ಮುರಿದ ಸದ್ದು ಮೇಡಂಗೂ ಕೇಳಿಸಿತು. ಬಿದ್ದವನ ಎದೆಗೆ ಒದ್ದ, ಬಾಯಿಗೆ ಒದ್ದ. ರಂಗಸ್ವಾಮಿ ರಕ್ತದ ಜೊತೆ ಎರಡು ಹಲ್ಲು ಉಗಿದ.

“ನಾನ್ ಕಡ್ದಿದ್ನ ನೀ ಕಂಡಿದ್ದೇನ್ಲಾ?”

“ಇಲ್ಲ ಕಣಣ್ಣ. ಲಾರಿಯೋರು ಕಡ್ದಿದ್ದು. ಅದು ಜಾಗದ್ ಎಸ್ರು ಅಷ್ಟೇಯ.”

“ಅದ್ನ ಊರ್ ಮುಂದೆ ಯೋಳು,” ಎಂದು ಸಿದ್ದಮಲ್ಲಪ್ಪ ಇನ್ನೊಂದು ಒದ್ದು ಹೋದ.

ಆಸ್ಪತ್ರೆಯಲ್ಲಿ ಮೇಡಂ ಕಂಪ್ಲೇಂಟ್ ಬರೆಯಲು ಕುಳಿತರು. ಪೆನ್ನು ಹಿಡಿದ ಅವರ ಕೈಯನ್ನು ರಂಗಸ್ವಾಮಿ ತಡೆದ.

“ಮೊದ್ಲು ಆ ಎಸ್ರ ತಗೀರಿ ಮೇಡಂ. ಗೊತ್ತಿದ್ದೂ ಬರ್ಸ್ದೋನು ನಾನು.”

ಕೈನೋವಿಗಿಂತ ನಾಚಿಕೆಯೇ ಅವನನ್ನು ಹೆಚ್ಚು ಸುಡುತ್ತಿತ್ತು. ಹೊಸ ನಕ್ಷೆ ಬರಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ, ಕಟ್ಟು ಹಾಕಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, ನಕ್ಷೆಯನ್ನು ಕಂಕುಳಲ್ಲಿ ಅವುಚಿಕೊಂಡು, ಸಿದ್ದಮಲ್ಲಪ್ಪನನ್ನು ಹುಡುಕುತ್ತ ದಡಕ್ಕೆ ಹೋದ.

ದೂರದಿಂದಲೇ ಗರಗಸದ ಯಂತ್ರದ ಸದ್ದು ಕೇಳಿಸಿತು. ಓಡಿದ. ಉಳಿದಿದ್ದ ಏಳು ಮರಗಳಲ್ಲಿ ಆರು ನೆಲಕ್ಕೆ ಬಿದ್ದಿದ್ದವು. ಕೊಂಬೆಯಡಿ ನೀರುನಾಯಿಯ ಮರಿಯೊಂದು ಜಜ್ಜಿಹೋಗಿತ್ತು. ತಾಯಿ ನೀರಿನಲ್ಲಿ ಸುತ್ತುತ್ತ ಕಿರುಚುತ್ತಿತ್ತು. ಯಂತ್ರ ಹಿಡಿದಿದ್ದವನು ಸಿದ್ದಮಲ್ಲಪ್ಪ.

ರಂಗಸ್ವಾಮಿ ಏಳನೆಯ ಮರಕ್ಕೆ ಬೆನ್ನು ಕೊಟ್ಟು ನಿಂತು, ಎಡಗೈಯಲ್ಲಿ ನಕ್ಷೆ ಬಿಡಿಸಿ ಹಿಡಿದ.

“ತಗ್ಸಿವ್ನಿ ಕಣಣ್ಣ. ನಿನ್ ಎಸ್ರು ಇಲ್ಲ ನೋಡು. ಊರೋರ್ಗೂ ಯೋಳ್ತೀನಿ.”

ಸಿದ್ದಮಲ್ಲಪ್ಪ ನಕ್ಷೆಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಅವನ ಮುರಿದ ಕೈಯನ್ನೇ ಹಿಡಿದು ಎಳೆದು ಆಚೆಗೆ ಎಸೆದ. ರಂಗಸ್ವಾಮಿ ಮರಳಿನಲ್ಲಿ ಹೊರಳುತ್ತ ಚೀರುತ್ತಿದ್ದಾಗಲೇ ಗರಗಸದ ಹಲ್ಲು ಮರದ ಬುಡಕ್ಕೆ ಇಳಿಯಿತು. ಮರ ಹೊಳೆಯ ಕಡೆಗೇ ಬಿತ್ತು.

ಸಿದ್ದಮಲ್ಲಪ್ಪ ಯಂತ್ರ ನಿಲ್ಲಿಸಿ ಮುಖ ಒರೆಸಿಕೊಂಡ.

“ಅಳೇ ಮ್ಯಾಪ್ನೇ ತಗಲಾಕೋಗು. ಈಗ ಅದು ಸರ್ಯಾಗಿ ಅದೆ,” ಎಂದ.