ಗುಂಡಿ ತೋಡುವ ಬಿರ್ಜಿಲ್

ನನ್ನ ಗಂಡ ಯಾದೆರ್ ಸತ್ತ ದಿನವೇ ನಾನು ಕ್ರಿಸ್ತನವರ ಸುದ್ದಿ ಮೊದಲು ಕೇಳಿದ್ದು. ಜ್ವರದ ವರ್ಷ ಅದು. ಹೆಣ ಮುಟ್ಟುವವರು ಊರಲ್ಲಿರಲಿಲ್ಲ. ನನ್ನ ಮೈದುನಂದಿರು ಕುರಿ ಹೊಡೆದುಕೊಂಡು ಗುಡ್ಡ ಹತ್ತಿಬಿಟ್ಟಿದ್ದರು. ಬಾವಿಯ ಹತ್ತಿರ ನೆರೆಮನೆಯ ಸಫಿದ ದೂರದಿಂದಲೇ ಕೂಗಿದಳು: "ಹೊಳೆ ಆಚೆ ಕ್ರಿಸ್ತನವರು ಇದ್ದಾರಲ್ಲೇ, ಅವರನ್ನ ಕರಿ. ಯಾರ ಹೆಣ ಆದ್ರೂ ಸುಮ್ನೆ ಹೂಳ್ತಾರಂತೆ. ತಲೆ ಸರಿ ಇಲ್ಲದ ಜನ."

ಬಂದವನು ಒಬ್ಬನೇ. ಕುಳ್ಳ, ಬಾಯಲ್ಲಿ ಈರುಳ್ಳಿ ವಾಸನೆ, ಹೆಗಲ ಮೇಲೆ ಗುದ್ದಲಿ. ಅವನೇ ಬಿರ್ಜಿಲ್. ಯಾದೆರ್‌ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಉದ್ದ ಬೆಳೆದವ್ನೆ ಮಹರಾಯ. ನನ್ನಂಥವನಾಗಿದ್ರೆ ಮಧ್ಯಾಹ್ನಕ್ಕೇ ಮುಗೀತಿತ್ತು" ಅಂದ. ಅಂಥ ದಿನದಲ್ಲೂ ನಮ್ಮ ಅತ್ತೆಗೆ ನಗು ಬಂದು ಮುಸುಕಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಇದಕ್ಕೆ ನಾನು ನಿಮ್ಮವಳಾಗ್ಬೇಕಾ?" ಅಂತ ಕೇಳಿದೆ.

"ಸತ್ತವನಿಗೆ ಗುಂಡಿ ಬೇಕು ತಂಗಿ. ನಾನು ಬೇರೆ ಏನಾದ್ರೂ ಕೇಳಿದ್ನಾ? ಒಂದು ಚೊಂಬು ನೀರು ಕೊಡು, ಸಾಕು."

ಯಾದೆರ್ ಕ್ರಿಸ್ತನ ಹೆಸರನ್ನೇ ಕೇಳಿದವನಲ್ಲ. ಆದರೂ ತಮ್ಮ ಗೋರಿಗಳ ಸುತ್ತ ಕಟ್ಟಿದ ಗೋಡೆಯೊಳಗೆ, ಕೊನೆಯ ಸಾಲಿನಲ್ಲಿ ಅವನಿಗೆ ಜಾಗ ಕೊಟ್ಟರು. ಮೇಲೆ ಚಪ್ಪಡಿ, ಚಪ್ಪಡಿಯ ನಡುವೆ ತೂತು. ನಮ್ಮ ಜನ ಯಾವ ದೇವರಿಗೆ ಕೈಮುಗಿದರೂ ಸತ್ತವರಿಗೆ ಉಣಿಸುವುದನ್ನು ಬಿಟ್ಟವರಲ್ಲ. ಸತ್ತ ದಿನ ಬಂದಾಗ ಚಪ್ಪಡಿಯ ಸುತ್ತ ಕೂತು ಜವೆಗೋಧಿ ಗಂಜಿ, ಅಂಜೂರ ತಿನ್ನುತ್ತೇವೆ; ಸತ್ತವನ ಪಾಲಿನ ದ್ರಾಕ್ಷಾರಸವನ್ನು ತೂತಿನಲ್ಲಿ ಹುಯ್ಯುತ್ತೇವೆ. ಕ್ರಿಸ್ತನವರೂ ಹಾಗೇ ಮಾಡುವುದು ನೋಡಿ ನನಗೆ ಅವರು ಹೊರಗಿನವರು ಅನ್ನಿಸಲಿಲ್ಲ. ಮೂರು ವರ್ಷದ ಮೇಲೆ ನಾನೂ ಅವರ ದೀಕ್ಷೆಯ ನೀರಿಗಿಳಿದೆ.

ಬಿರ್ಜಿಲ್ ಮದುವೆಯಾಗಲಿಲ್ಲ. "ಯಾರು ಬರ್ತಾರೆ? ಕೈ ಹಿಡಿದ್ರೆ ಅಳತೆ ತಗೋತಿದಾನೆ ಅಂದ್ಕೋತಾರೆ" ಅನ್ನುತ್ತಿದ್ದ. ಅಕ್ಷರ ಬರುತ್ತಿರಲಿಲ್ಲ. ಸಭೆಯಲ್ಲಿ ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಓದಿ ಆಮೇಲೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಅವನು ಎರಡಕ್ಕೂ ಒಂದೇ ಸಮ ತೂಕಡಿಸುತ್ತಿದ್ದ. ಗ್ರಂಥವನ್ನು ಎತ್ತಿ ತರುವಾಗ ಮಾತ್ರ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದ.

ಆಮೇಲೆ ರೋಮಿನ ಚಕ್ರವರ್ತಿಯ ಆಜ್ಞೆ ಬಂತು. ಕ್ರಿಸ್ತನವರ ಗ್ರಂಥಗಳನ್ನು ತಂದೊಪ್ಪಿಸಬೇಕು, ಸುಡುತ್ತಾರೆ. ಯಾರೂ ಕೂಟ ಸೇರಬಾರದು, ಗೋರಿಗಳ ಹತ್ತಿರವೂ ಸುಳಿಯಬಾರದು. ನಮ್ಮ ಊರಿಗೆ ಇದ್ದದ್ದೇ ಒಂದು ಗ್ರಂಥ. ಓದುವವನು ಅದನ್ನು ಬಿರ್ಜಿಲ್ ಕೈಗೆ ಕೊಟ್ಟ ಮರುದಿನ ಸಿಕ್ಕಿಬಿದ್ದು ಸೆರೆಮನೆಯಲ್ಲೇ ಸತ್ತ. ಬಿರ್ಜಿಲ್‌ನನ್ನೂ ಎಳೆದುಕೊಂಡು ಹೋದರು. ಎರಡು ದಿನಕ್ಕೆ ಬಿಟ್ಟು ಕಳಿಸಿದರು. ಬೆನ್ನೆಲ್ಲ ಬಾಸುಂಡೆ, ಆದರೆ ಜೀವ ಇತ್ತು. ಜೀವ ಇದ್ದದ್ದೇ ತಪ್ಪಾಯಿತು.

ಎರಡು ವರ್ಷದ ಮೇಲೆ ಕಾಟ ನಿಂತಿತು. ಸಭೆಯ ಹಿರಿಯ ನಬೋರ್ ಎಲ್ಲರ ಮುಂದೆ ಕೇಳಿದ, "ಗ್ರಂಥ ಎಲ್ಲಿ?"

"ಇಲ್ಲ" ಅಂದ ಬಿರ್ಜಿಲ್.

"ಒಪ್ಪಿಸ್ಬಿಟ್ಯಾ?"

"ಒಪ್ಪಿಸ್ಲಿಲ್ಲ."

"ಹಾಗಾದ್ರೆ ತಗೊಂಡ್ ಬಾ."

ಅವನು ಎದ್ದು ಹೊರಗೆ ನಡೆದ.

ಅಂದಿನಿಂದ ಅವನ ಹೆಸರು ಒಪ್ಪಿಸಿದವನು. ನಮ್ಮ ಸೀಮೆಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಸಮುದ್ರದಾಚೆಯ ಸಭೆಗಳು ಅಂಥವರನ್ನು ಕ್ಷಮಿಸಿ ಸೇರಿಸಿಕೊಂಡವಂತೆ. ನಮ್ಮವರು ಅದಕ್ಕಾಗಿ ಅವರನ್ನೇ ಬಿಟ್ಟು ಬೇರೆಯಾದರು, ಕ್ಷಮಿಸಲಿಲ್ಲ. ಅವನ ಜೊತೆ ಉಣ್ಣುವಂತಿಲ್ಲ. ಸತ್ತರೆ ಗೋಡೆಯೊಳಗೆ ಜಾಗ ಇಲ್ಲ. ಆ ಗೋಡೆಯೊಳಗಿನ ಗುಂಡಿಗಳಲ್ಲಿ ಮುಕ್ಕಾಲು ಅವನೇ ತೋಡಿದ್ದು.

"ಏ ಒಪ್ಪಿಸಿದವ್ನೇ, ನಮ್ಮ ಕತ್ತೆ ಕಾಣ್ತಿಲ್ಲ, ಅದನ್ನೂ ಒಪ್ಪಿಸ್ಬಿಟ್ಯಾ?" ಅಂತ ಸಫಿದ ಒಮ್ಮೆ ಕೆಣಕಿದಳು.

"ನಿಮ್ಮನೆ ಒಳಗೇ ಕೂಗಿ ನೋಡು. ಯಾರಾದ್ರೂ ಓಗೊಡ್ತಾರೆ" ಅಂದು ಗುದ್ದಲಿ ಹೊತ್ತು ನಡೆದ.

ನಾನೂ ಅವನ ಪರವಾಗಿ ಮಾತಾಡಲಿಲ್ಲ. ಗಂಜಿ ತಂದು ಅವನ ಹೊಸ್ತಿಲಲ್ಲಿಟ್ಟು ಬರುತ್ತಿದ್ದೆ, ಒಳಗೆ ಕಾಲಿಡುತ್ತಿರಲಿಲ್ಲ. ಹೀಗೇ ಹನ್ನೊಂದು ವರ್ಷ.

ಹನ್ನೊಂದನೆಯ ಬೇಸಿಗೆಯಲ್ಲಿ ಅವನ ಕಾಲು ಊದಿಕೊಂಡು ಹೊಸ್ತಿಲವರೆಗೂ ಬರಲಾಗಲಿಲ್ಲ. ನಾನೇ ಒಳಗೆ ಹೋದೆ.

"ಹೇಳ್ಬಾರ್ದು ಅಂತಿದ್ದೆ ತಂಗಿ. ಆದ್ರೆ ನಿಂಗೂ ನನ್ನ ಮೇಲೆ ಅದೇ ಅನುಮಾನ ಇದ್ಯಲ್ಲ, ಅದೊಂದು ತಡೀಲಾರೆ" ಅಂದ. "ಗ್ರಂಥ ಕೈಗೆ ಬಂದ ರಾತ್ರೀನೇ ಯಾದೆರ್ ಗುಂಡಿ ತೆಗೆದು, ಅವನ ಎದೆ ಮೇಲಿಟ್ಟು ಮುಚ್ಚಿದ್ದೆ. ರೋಮಿನವರು ಗೋರಿ ಅಗೆಸೋದಿಲ್ಲ, ಅವರಿಗೂ ಪಾಪದ ಭಯ. ನಮ್ಮವರು ಅತ್ತ ಸುಳಿಯೋ ಹಾಗಿಲ್ಲ. ಇನ್ಯಾರು ಬರ್ತಾರೆ ಅಂದ್ಕೊಂಡೆ."

ನಾನು ಹೋಗಿದ್ದೆ. ಆ ಎರಡು ವರ್ಷ, ಕಾವಲಿನವರು ಏಳುವ ಮುಂಚೆ, ತಿಂಗಳು ತಿಂಗಳೂ ಹೋಗಿ ದ್ರಾಕ್ಷಾರಸ ತುಂಬಿದ ಹೂಜಿಯನ್ನು ತೂತಿನಲ್ಲಿ ಬರಿದು ಮಾಡಿ ಬಂದಿದ್ದೆ. ಬೇರೆಯವರು ಬರುವುದಿಲ್ಲ, ಯಾದೆರ್ ಒಬ್ಬನೇ ಇರುತ್ತಾನೆ ಅಂತ.

"ಕಾಟ ನಿಂತ್ಮೇಲೆ ತೆಗೆದಾಗ ಹಾಳೆ ಎಲ್ಲ ನೆನೆದು ಗಂಜಿ ಆಗಿತ್ತು. ಮರದ ರಟ್ಟು ಮಾತ್ರ ಉಳಿದಿತ್ತು. ಅಲ್ಲೇ ಬಿಟ್ಟು ಮುಚ್ಚಿದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹುಯ್ದವಳು ಯಾರು ಅಂತ ಕೇಳ್ತಿದ್ರು. ನಿನ್ನನ್ನ ಹೊರಗೆ ಹಾಕ್ತಿದ್ರು. ಆಮೇಲೆ ಯಾದೆರ್ ಪಕ್ಕ ನಿಂಗೆಲ್ಲಿ ಜಾಗ?"

ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ತಂದಿದ್ದ ಗಂಜಿಯ ಮೇಲೆ ಕೆನೆ ಕಟ್ಟಿತ್ತು, ಅದನ್ನು ಚಮಚದಲ್ಲಿ ಪಕ್ಕಕ್ಕೆ ಸರಿಸಿದೆ. ಇವತ್ತಿಗೂ ಆ ದಿನ ನೆನೆದರೆ ಆ ಕೆನೆ ಕಾಣುತ್ತದೆ, ಅವನ ಮುಖ ಕಾಣುವುದಿಲ್ಲ.

"ನಾಳೆ ನಬೋರ್‌ನ ಕರ್ಕೊಂಡ್ ಹೋಗಿ ಚಪ್ಪಡಿ ಎತ್ತಿಸ್ತೀನಿ. ರಟ್ಟು ನೋಡ್ಲಿ. ನಿನ್ನನ್ನ ಒಳಗೇ ಇಡ್ತಾರೆ" ಅಂದೆ.

"ಬೇಡ. ನಾನೇ ಮುಚ್ಚಿದ ಗುಂಡೀನ ಎರಡು ಸಲ ತೆಗೆದೆ, ಅದೇ ಜಾಸ್ತಿ ಆಯ್ತು. ಈಗ ನೀನು ತೆಗೆದ್ರೆ ನಾನು ಇಷ್ಟು ವರ್ಷ ಸುಮ್ನಿದ್ದದ್ದು ಯಾತಕ್ಕೆ?"

"ಹಾಗಾದ್ರೆ ಗೋಡೆ ಆಚೆ ಹಾಕ್ತಾರೆ ನಿನ್ನ."

"ಹಾಕ್ಲಿ. ಅಲ್ಲಿ ನೆಲ ಬರೀ ಸುಣ್ಣಗಲ್ಲು. ನಬೋರ್ ಇಟ್ಕೊಂಡಿದ್ದಾನಲ್ಲ ಹೊಸ ಆಳು, ಸೋಮಾರಿ, ಮೊಣಕಾಲುದ್ದ ತೋಡಿ ಕೈ ತೊಳ್ಕೋತಾನೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ನೀನೇ ಮುಂದೆ ನಿಂತು ನೋಡ್ಕೋ ತಂಗಿ. ಎದೆ ಮಟ್ಟ ಆಗೋವರ್ಗೂ ಅವನನ್ನ ಮೇಲೆ ಬರೋಕೆ ಬಿಡ್ಬೇಡ."