ಗೋಬರ್ ಗ್ಯಾಸ್ ಕಂಡ ಮೂಗು

ಆ ಮೂಗಿನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಅಮೆರಿಕದಲ್ಲಿ, ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ನಾವು ಸ್ಟೀಲ್ ಟ್ಯಾಂಕ್ ಮಾಡುತ್ತೇವೆ. ಮ್ಯಾನೇಜರು ಹುಬ್ಬಳ್ಳಿ ಕಡೆಯ ಅಂಕಲ್. ಟ್ಯಾಂಕಿಗೆ ಯಾರಾದರೂ ಇಳಿಯುವ ಮುನ್ನ ಅವರು ಅದರ ಬಾಯಿಗೆ ಬಗ್ಗಿ, ಕಣ್ಣು ಮುಚ್ಚಿ, ಸಾರಿನ ಹದ ನೋಡುವವರಂತೆ ಮೂಸುತ್ತಿದ್ದರು.

"ಏನೂ ವಾಸನಿ ಇಲ್ಲ. ಇಳಿ ಅನ್ನು ಅವಂಗ. ಊರಾಗ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ ಮೂಗೋ ಇದು!"

ಊಟದ ಬ್ರೇಕಿನಲ್ಲಿ ನಾನು ಅದನ್ನೇ ನಕಲು ಮಾಡುತ್ತಿದ್ದೆ. ನನ್ನ ಮೂಗೇನು ಕಡಿಮೆಯೇ, ಮುಖಕ್ಕಿಂತ ಹೈವೇಯ ಒಂದು ಎಕ್ಸಿಟ್ ಮುಂದೆ ಹೋಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಮ್ಮ ವೆಲ್ಡರ್, ಡೆಟ್ರಾಯಿಟ್‌ನವನು, ನನ್ನಪ್ಪನ ವಯಸ್ಸಿನವನು.

ವೆಲ್ಡಿಂಗಿಗೆ ಆರ್ಗಾನ್ ಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ, ತಳದಲ್ಲಿ ಕೂತು ಆಮ್ಲಜನಕವನ್ನು ಹೊರದಬ್ಬುತ್ತದೆ. ಅದು ಇದೆಯೇ ಎಂದು ತಿಳಿಯಲು ಆಮ್ಲಜನಕ ಅಳೆಯುವ ಮೀಟರನ್ನು ತಳದವರೆಗೆ ಇಳಿಬಿಟ್ಟು ನೋಡದೆ ಬೇರೆ ದಾರಿಯೇ ಇಲ್ಲ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಅದನ್ನು ತರಲು ಹೊರಟೆ.

"ಲೇ ಮಿಮಿಕ್ರಿ, ಎಲ್ಲಿ ಹೊಂಟಿ?"

"ಮೀಟರ್ ತರೋಕೆ ಅಂಕಲ್. ಕೆಳಗೆ ಚೆಕ್ ಮಾಡಿಲ್ಲ."

"ನಾ ಮೂಸಿ ನೋಡೀನಲ್ಲ! ಟ್ಯಾಂಕ್ ಇವತ್ತ ಹೋಗ್ಬೇಕು. ಅವಂಗ ಇಳಿ ಅಂತ ಆಗಲೇ ಹೇಳೀನಿ."

ತಿರುಗಿ ನೋಡಿದರೆ ವೆಲ್ಡರ್ ಏಣಿ ಇಳಿದಾಗಿತ್ತು. ತಳ ಮುಟ್ಟಿದವನು ಒಂದು ಮಾತೂ ಆಡದೆ ಕುಸಿದ. ರಾತ್ರಿಯೆಲ್ಲ ಪೈಪಿನಿಂದ ಆರ್ಗಾನ್ ಒಳಗೆ ಸೋರಿತ್ತೆಂದು ಆಮೇಲೆ ತಿಳಿಯಿತು.

ಅಂಕಲ್ ತಾವೂ ಏಣಿಗೆ ಕಾಲಿಟ್ಟರು. ಇಂಥ ಕಡೆ ಎಷ್ಟೋ ಸಲ ಎರಡನೆಯ ಹೆಣ, ಮೊದಲನೆಯವನನ್ನು ಎತ್ತಲು ಇಳಿದವನದೇ. ನಾನು ಅವರ ಬೆಲ್ಟು ಹಿಡಿದೆಳೆದೆ. ನನ್ನ ಗಂಟಲಿನಿಂದ ಅವರದೇ ದನಿ ಹೊರಬಿತ್ತು:

"ಏಯ್! ಎಲ್ಲಿ ಹೊಂಟಿ ಸಾಯಾಕ? ಹಗ್ಗ ಜಗ್ಗು!"

ಅಂಕಲ್ ಬೆಚ್ಚಿ ಹಿಂದೆ ಸರಿದರು. ಪುಣ್ಯಕ್ಕೆ ವೆಲ್ಡರ್ ಎಂದಿನಂತೆ ಬೆನ್ನಿನ ಪಟ್ಟಿಗೆ ರಾಟೆಯ ಹಗ್ಗ ಸಿಕ್ಕಿಸಿಕೊಂಡೇ ಇಳಿದಿದ್ದ. ಇಬ್ಬರೂ ಸೇರಿ ಮೇಲೆಳೆದೆವು. ಬದುಕಿದ. ಆದರೆ ಈಗ ಅವನ ಕೈ ನಡುಗುತ್ತದೆ. ಅವನ ವೆಲ್ಡಿಂಗ್ ಕೆಲಸ ಅಲ್ಲಿಗೇ ಮುಗಿಯಿತು. ಫೋನ್ ಮಾಡಿದರೆ ಮಾತಿನ ನಡುವೆ ನಾನು ಯಾರೆಂದು ಕೇಳುತ್ತಾನೆ.

ಇಲ್ಲಿನ ಕನ್ನಡದವರೆಲ್ಲ ಮನೆಯಿಂದ ಅಡುಗೆ ತಂದು ಸೇರುವ ಸಂಕ್ರಾಂತಿ ಪಾಟ್‌ಲಕ್‌ನಲ್ಲಿ ಅಂಕಲ್ ತಟ್ಟೆ ಹಿಡಿದು ಕತೆ ಹೇಳುತ್ತಿದ್ದರು: "ನಾನೇ ಜಗ್ಗಿ ತೆಗದೆ ನೋಡ್ರಿ. ಅವನ ನಸೀಬ ಛಲೋ ಇತ್ತು."

ಒಬ್ಬ ಆಂಟಿ ನನ್ನ ಕಡೆ ತಿರುಗಿದರು. "ಏ, ಅಂಕಲ್ ಥರ ಒಂದ್ಸಲ ಮಾಡೋ, ಪ್ಲೀಸ್!"

ಮಾಡಿದೆ. ಅಂಕಲ್ ಮುಂದೆಯೇ ಬಗ್ಗಿ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದೆ. "ಏನೂ ವಾಸನಿ ಇಲ್ಲ. ಇಳೀರಿ ಅಂಕಲ್. ಈ ಸಲ ನೀವು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.