ಎಂಬತ್ತೆರಡು ಹನಿ

ಶಾಯಿ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಹನಿ ಎಣಿಸುತ್ತಿದ್ದವಳನ್ನು ಎಲ್ಲರೂ ಹನಿಯಕ್ಕ ಎನ್ನುತ್ತಿದ್ದೆವು. ಗಾಜಿನ ನಳಿಗೆಗೆ ಶಾಯಿ ತುಂಬಿ, ತುದಿಯಿಂದ ತೊಟ್ಟಿಕ್ಕುವುದನ್ನು ಕಣ್ಣು ಮಿಟುಕಿಸದೆ ಎಣಿಸುವುದು ಅವಳ ಕೆಲಸ. ಸಾಹೇಬರು ಮೇಲ್ಮೈ ಎಳೆತ ಅನ್ನುತ್ತಿದ್ದುದು ನಮ್ಮ ಬಾಯಲ್ಲಿ ಮೈಬಿಗಿ. ಬಿಗಿ ಇದ್ದರೆ ಹನಿ ದಪ್ಪ, ಎಣಿಕೆ ಕಡಿಮೆ. ಬಿಗಿ ಸಡಿಲಿದರೆ ಹನಿ ಸಣ್ಣ, ಎಣಿಕೆ ಹೆಚ್ಚು; ಅಂಥ ಶಾಯಿ ಕಾಗದದ ಮೇಲೆ ಹರಡಿಹೋಗುತ್ತದೆ.

ಇಡೀ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಅವಳ ಮಂಡಿ ಸವೆದಿತ್ತು. ಗಳಿಗೆ ನಿಂತರೂ ಕಣ್ಣಲ್ಲಿ ನೀರು ಬರುತ್ತಿತ್ತು.

ತೊಟ್ಟಿ ಹತ್ತಿರ ನಿಂತು ಆ ನಳಿಗೆ ತೊಳೆಯುವವಳು ನಾನು. ಸೋಪಿನ ಪಸೆ ಎಳ್ಳಷ್ಟು ಉಳಿದರೂ ಲೆಕ್ಕ ಕೆಡುತ್ತದೆಂದು ಏಳು ನೀರು ಹಾಕಿಸುತ್ತಿದ್ದಳು. ‘ಮುಖ ತೊಳ್ದಂಗಲ್ಲ ಕಣೇ, ಮಾಡಿದ ಪಾಪ ತೊಳ್ದಂಗೆ ತೊಳಿ’ ಎಂದು ಬೈಯುತ್ತಿದ್ದಳು.

ಹೊಸ ಸಾಹೇಬರು ಯಂತ್ರ ತರಿಸಿದರು. ಅದರ ತೆಳ್ಳನೆಯ ಲೋಹದ ಬಳೆ ಶಾಯಿಯನ್ನು ಮುಟ್ಟಿ ಮೇಲೆದ್ದು, ಬಿಗಿ ಎಷ್ಟೆಂದು ತಾನೇ ತೋರಿಸುತ್ತಿತ್ತು.

‘ನಾಳೆ ಬರೀ ನೀರು ಎಣಿಸು. ಯಂತ್ರಕ್ಕೆ ತಾಳೆ ಆದ್ರೆ ಇರು, ಇಲ್ಲಾಂದ್ರೆ ಎದ್ದು ತೊಟ್ಟಿ ಹತ್ರ ನಡಿ’ ಅಂದರು.

‘ನೀರು ತಾನೇ? ಅರವತ್ತು ಹನಿ. ನಿದ್ದೇಲೂ ಹೇಳ್ತೀನಿ’ ಎಂದು ನಕ್ಕಳು.

ಮರುದಿನ ನಲ್ಲಿಯಲ್ಲಿ ನೀರು ಎಳೆಯಷ್ಟೇ ಬರುತ್ತಿತ್ತು. ನಳಿಗೆಯನ್ನು ಎರಡೇ ಸಲ ಜಾಲಿಸಿ ಕೊಟ್ಟೆ.

ಎಂಬತ್ತೆರಡು ಬಂತು. ಯಂತ್ರ ನೀರು ಸರಿಯಿದೆ ಅಂದಿತು.

‘ನಳಿಗೇಲಿ ಸೋಪಿದೆ ಸಾರ್. ಇನ್ನೊಂದು ಕೊಡಿ.’

‘ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ!’ ಸಾಹೇಬರು ಅಂದದ್ದಕ್ಕೆ ಕೋಣೆಯೆಲ್ಲ ನಕ್ಕಿತು. ಆಮೇಲೆ ನನ್ನತ್ತ ತಿರುಗಿದರು. ‘ಎಷ್ಟು ಸಲ ತೊಳ್ದೆ?’

‘ಹೇಳೇ’ ಅಂದಳು ಹನಿಯಕ್ಕ.

ಹಿಂದಿನ ವಾರವಷ್ಟೇ ಒಂದು ನಳಿಗೆ ಒಡೆದು, ಇನ್ನೊಂದು ತಪ್ಪಾದರೆ ಮನೆಗೇ ಎಂದು ಅವರಿಂದ ಅನ್ನಿಸಿಕೊಂಡಿದ್ದೆ.

‘ಏಳು ಸಾರ್.’

ಅವಳು ನನ್ನ ಮುಖವನ್ನೇ ನೋಡಿದಳು.

ಅವಳನ್ನು ನನ್ನ ಪಕ್ಕದ ತೊಟ್ಟಿಯ ಕೆಲಸಕ್ಕೇ ಹಾಕಿದರು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ತೊಳೆಯಬೇಕು. ಮೂರನೆಯ ದಿನ ತೊಟ್ಟಿಯ ಅಂಚಿಗೆ ಹೊಟ್ಟೆ ಒತ್ತಿ ಜೋತುಬಿದ್ದಿದ್ದಳು.

‘ಅಕ್ಕಾ, ಒಂಚೂರು ಕೂತ್ಕೋ.’

‘ನೆಲಕ್ಕೆ ಕೂತ್ರೆ ಏಳಕ್ಕಾಗಲ್ಲ. ಸ್ಟೂಲು ತಂದ್ಕೊಡ್ತೀಯಾ?’

ಅವಳ ಸ್ಟೂಲು ಪರೀಕ್ಷೆ ಕೋಣೆಯಲ್ಲಿ ಸುಮ್ಮನೆ ಬಿದ್ದಿತ್ತು. ಕೇಳಲು ಹೋದರೆ, ಅವಳ ಮೇಲೆ ನಿನಗೇಕಿಷ್ಟು ಮರುಕ ಎಂದು ಸಾಹೇಬರು ಕೇಳಿಯಾರು.

ನಾನು ಹೋಗಲಿಲ್ಲ.